ಮೂರು ಗಂಟೆಗೇ ಕತ್ತಲಾಗುವ ಊರು

ಡಿಸೆಂಬರ್‌ನಲ್ಲಿ ಯಾರಾದರೂ ಸ್ವೀಡನ್‌ನ ಸ್ಟಾಕ್‌ಹೋಮ್‌ಗೆ ಹೋಗ್ತಾರಾ ಅಂತ ಕೇಳದವರೇ ಇಲ್ಲ. ಆಫೀಸಿನವರು ಕೇಳಿದರು, ಮೈಸೂರಿನಿಂದ ನಾದಿನಿ ಕೇಳಿದಳು, ಇಲ್ಲಿ ಮ್ಯೂನಿಕ್‌ನ ಕನ್ನಡದ ಗೆಳೆಯರೆಲ್ಲ ಕೇಳಿದರು. ಹೋಗೋದಾದರೆ ಜೂನ್‌ನಲ್ಲಿ ಹೋಗಬೇಕು, ರಾತ್ರಿ ಹತ್ತಕ್ಕೂ ಬೆಳಕಿರುತ್ತೆ, ದೋಣಿಯಲ್ಲಿ ದ್ವೀಪಗಳನ್ನು ಸುತ್ತಬಹುದು ಅಂದರು. ಅವರು ಹೇಳಿದ್ದು ಸರಿಯೇ. ವಾಪಸ್ ಬಂದ ಮೇಲೆ ಎರಡನೇ ಪ್ರಶ್ನೆ ಶುರುವಾಯಿತು: ಏನೇನು ನೋಡಿದಿರಿ? ಇದಕ್ಕೆ ನನ್ನ ಹತ್ತಿರ ಉದ್ದದ ಉತ್ತರ ಇಲ್ಲ. ಒಂದು ಹಳೇ ಹಡಗು, ಒಂದು ನೀಲಿ ಕಟ್ಟಡ, ಗೇಣುದ್ದವೂ ಇಲ್ಲದ ಒಂದು ಗೊಂಬೆ. ಕೇಳಿದವರಿಗೆ ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಆದರೆ ಆ ಎರಡು ದಿನ ನನ್ನನ್ನು ಬಿಟ್ಟಿಲ್ಲ. ಪಾತ್ರೆ ತೊಳೆಯುವಾಗ, ಟ್ರೇನಿನಲ್ಲಿ ಕೂತಾಗ ಮತ್ತೆ ಮತ್ತೆ ನೆನಪಾಗುತ್ತವೆ. ಅದಕ್ಕೇ ಬರೆಯೋಣ ಅಂತ ಕೂತೆ.

ಮದುವೆಯಾಗಿ ಹನ್ನೊಂದು ವರ್ಷ ಆಯಿತು. ಹೊರಗೆ ಇರುವವರಿಗೆ ಗೊತ್ತಿರುತ್ತೆ, ನಮಗೆಲ್ಲ ರಜೆ ಅಂದರೆ ಊರು. ವರ್ಷಕ್ಕೆ ಸಿಗುವ ರಜೆಯನ್ನು ಒಟ್ಟು ಹಾಕಿ ಮೈಸೂರಿಗೆ, ತಿಪಟೂರಿಗೆ ಹಂಚುತ್ತೇವೆ. ಅಲ್ಲಿ ಮದುವೆ, ಮುಂಜಿ, ಆಸ್ಪತ್ರೆ, ಬ್ಯಾಂಕು. ನಾವಿಬ್ಬರೇ ಎಲ್ಲಿಗೋ ಹೋಗಿ ನಾಲ್ಕು ವರ್ಷ ಆಗಿತ್ತು. ಅಲ್ಲಿನ ಹಬ್ಬದ ದಿನ ಡಿಸೆಂಬರ್ 13 ಶನಿವಾರ ಬಂದಿತ್ತು, ಟಿಕೆಟ್ ಕಡಿಮೆಗೆ ಸಿಕ್ಕಿತು, ಹೊರಟೆವು. ನಾನು ಫೋನಿನಲ್ಲಿ ಹದಿನಾಲ್ಕು ಜಾಗಗಳ ಪಟ್ಟಿ ಮಾಡಿಕೊಂಡಿದ್ದೆ. ಯಾವ ಜಾಗಕ್ಕೆ ಎಷ್ಟು ಹೊತ್ತು, ಎಲ್ಲಿಂದ ಯಾವ ಬಸ್ಸು, ಎಲ್ಲಾ ಬರೆದಿದ್ದೆ. ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಅಂತ ಮಾತ್ರ ನೋಡಿರಲಿಲ್ಲ. ಮ್ಯೂನಿಕ್‌ನಲ್ಲೂ ಆ ತಿಂಗಳು ನಾಲ್ಕೂಕಾಲಿಗೆಲ್ಲ ಕತ್ತಲಾಗುತ್ತೆ, ಇನ್ನೆಷ್ಟು ವ್ಯತ್ಯಾಸ ಇರಬಹುದು ಅಂದುಕೊಂಡಿದ್ದೆ. ಸ್ಟಾಕ್‌ಹೋಮ್ ಇರೋದು 59 ಡಿಗ್ರಿ ಉತ್ತರದಲ್ಲಿ. ಅಲ್ಲಿ ಆ ದಿನಗಳಲ್ಲಿ ಬೆಳಗಾಗೋದು ಎಂಟೂವರೆ ದಾಟಿದ ಮೇಲೆ, ಸೂರ್ಯ ಮುಳುಗೋದು ಎರಡೂ ಮುಕ್ಕಾಲಿಗೆ. ಹಗಲು ಅಂದರೆ ಆರು ಗಂಟೆ, ಅದೂ ಮೋಡ ಕವಿದ ಮಂಕು ಹಗಲು. ಹಿಮ ಇರಲಿಲ್ಲ. ಸಣ್ಣಗೆ ಜಿಟಿಜಿಟಿ ಮಳೆ.

ಶುಕ್ರವಾರ ಸಂಜೆ ಇಳಿದಾಗಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಮನೆ, ಅಂಗಡಿ, ಕಚೇರಿ ಯಾವುದೇ ಇರಲಿ, ಕಿಟಕಿಯಲ್ಲಿ ಏಳು ಬತ್ತಿಯ ಒಂದು ದೀಪ. ಎರಡೂ ಬದಿಯಿಂದ ಮೆಟ್ಟಿಲಿನ ಹಾಗೆ ಏರಿ ನಡುವೆ ಎತ್ತರವಾಗುವ ವಿದ್ಯುತ್ ದೀಪದ ಕಂಬ. ಪರದೆ ಎಳೆದಿರಲಿಲ್ಲ. 1930ರ ದಶಕದಲ್ಲಿ ಗೋಥೆನ್‌ಬರ್ಗ್‌ನಲ್ಲಿ ಆಸ್ಕರ್ ಆಂಡರ್ಸನ್ ಅನ್ನುವ ಒಬ್ಬ ನೌಕರ, ಕ್ರಿಸ್ಮಸ್ ಮರಕ್ಕೆ ಸುತ್ತುವ, ಬೇಡವೆಂದು ಬಿಟ್ಟಿದ್ದ ದೀಪದ ಸರಗಳನ್ನು ತಂದು ಮರದ ಕಂಬಕ್ಕೆ ಕೂರಿಸಿ ಮಾಡಿದ್ದಂತೆ ಇದು. ಈಗ ದೇಶಕ್ಕೆ ದೇಶವೇ ಇಡುತ್ತೆ. ನಾನು ಗಮನಿಸಿದ್ದು ಆ ದೀಪ ಇಟ್ಟಿರುವ ಜಾಗವನ್ನು. ಮನೆಯೊಳಗೆ ಕೂತವರಿಗೆ ಅದರ ಬೆನ್ನು ಕಾಣುತ್ತೆ. ಬೆಳಕು ಬೀಳೋದು ರಸ್ತೆಗೆ, ಮಳೆಯಲ್ಲಿ ಬ್ಯಾಗು ಎಳೆದುಕೊಂಡು ಹೋಗುವ ನಮ್ಮಂಥವರ ಮೇಲೆ. ಕಾರ್ತಿಕದಲ್ಲಿ ನಮ್ಮಮ್ಮ ಹೊಸಿಲಿಗೆ ಹಣತೆ ಇಡುತ್ತಿದ್ದಳಲ್ಲ, ಹಾಗೆ.

ಬೆಳಗಾಗುವ ಮೊದಲು

ಡಿಸೆಂಬರ್ 13 ಸ್ವೀಡನ್‌ನಲ್ಲಿ ಲೂಸಿಯಾ ಹಬ್ಬ. ಅವತ್ತು ಬೆಳಗ್ಗೆ ಏಳಕ್ಕೆ, ಇನ್ನೂ ಕಗ್ಗತ್ತಲಿರುವಾಗ, ನಾವು ಉಳಿದುಕೊಂಡಿದ್ದ ಕಡೆಯ ಒಂದು ಚರ್ಚಿಗೆ ಹೋದೆವು. ಒಳಗೂ ದೀಪ ಆರಿಸಿದ್ದರು. ಜನ ತುಂಬಿದ್ದರು, ಆದರೆ ಒಂದು ಸದ್ದಿಲ್ಲ. ಹಿಂದಿನ ಬಾಗಿಲಿನಿಂದ ಮಕ್ಕಳು ಹಾಡುತ್ತಾ ಬಂದರು. ಬಿಳಿ ನಿಲುವಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ಕೈಯಲ್ಲಿ ಮೇಣದ ಬತ್ತಿ. ಮುಂದೆ ಬರುವ ಹುಡುಗಿಯ ತಲೆಯ ಮೇಲೆ ಉರಿಯುವ ಬತ್ತಿಗಳ ಕಿರೀಟ. ಹಿಂದೆ ಉದ್ದನೆಯ ಕೋನದ ಟೋಪಿ ಹಾಕಿ ನಕ್ಷತ್ರ ಹಿಡಿದ ಹುಡುಗರು. ಅವಳು ಕತ್ತು ಅಲುಗಿಸದೆ, ತಲೆ ಮೇಲೆ ತುಂಬಿದ ಕೊಡ ಹೊತ್ತವರ ನಡಿಗೆಯಲ್ಲಿ ಬಂದಳು. ನನಗೆ ಧನುರ್ಮಾಸ ನೆನಪಾಯಿತು. ನಮ್ಮಲ್ಲಿ ಅದು ಶುರುವಾಗೋದು ಇದಾದ ಎರಡು ಮೂರು ದಿನಕ್ಕೇ ಅಲ್ವಾ. ನಸುಕಿನಲ್ಲೇ ಎದ್ದು, ಚಳಿಯಲ್ಲಿ ಸ್ನಾನ ಮಾಡಿ, ದೇವಸ್ಥಾನದ ಬಿಸಿ ಹುಗ್ಗಿಗೆ ಕೈಯೊಡ್ಡುತ್ತಿದ್ದೆವು. ಇಲ್ಲಿ ಹುಗ್ಗಿಯ ಜಾಗದಲ್ಲಿ ಕೇಸರಿ ಹಾಕಿದ ಹಳದಿ ಬನ್ನು. ಎರಡೂ ತುದಿ ಸುರುಳಿ ಸುತ್ತಿ, ಪ್ರತಿ ಸುರುಳಿಯ ನಡುವೆ ಒಂದು ದ್ರಾಕ್ಷಿ. ಮೂಸಿದರೆ ಕೇಸರಿಬಾತಿನ ವಾಸನೆ.

ಪಕ್ಕದಲ್ಲಿ ಕೂತಿದ್ದ ಹಿರಿಯ ಹೆಂಗಸು ಒಬ್ಬರು ಬನ್ನು ತಿನ್ನುತ್ತಾ ಮಾತಿಗೆ ಸಿಕ್ಕರು. ಲೂಸಿಯಾ ಇಟಲಿಯ ಕಡೆಯ ಒಬ್ಬ ಕ್ರೈಸ್ತ ಸಂತ ಮಹಿಳೆ, ಆದರೆ ಈ ರಾತ್ರಿ ಅವಳಿಗಿಂತ ಹಳೇದು ಅಂದರು. ಹಳೇ ಪಂಚಾಂಗದ ಲೆಕ್ಕದಲ್ಲಿ ವರ್ಷದ ಅತಿ ಉದ್ದನೆಯ ರಾತ್ರಿ ಇದೇ ಆಗಿತ್ತಂತೆ. 1753ರಲ್ಲಿ ಸ್ವೀಡನ್ ಹೊಸ ಪಂಚಾಂಗಕ್ಕೆ ಬಂದಾಗ ಲೆಕ್ಕ ಸರಿಯಿತು, ಹಬ್ಬ ಮಾತ್ರ ಅಲ್ಲೇ ಉಳಿಯಿತು. ಆ ರಾತ್ರಿ ಹೊರಗೆ ಓಡಾಡಬಾರದು, ದೆವ್ವ ಪಿಶಾಚಿ ತಿರುಗುತ್ತವೆ ಅನ್ನೋ ಭಯವಿತ್ತಂತೆ. ಮತ್ತೊಂದು ನಂಬಿಕೆ, ಆ ಒಂದು ರಾತ್ರಿ ದನಕರುಗಳಿಗೂ ಮಾತು ಬರುತ್ತಿತ್ತಂತೆ. ವರ್ಷವೆಲ್ಲಾ ಮೂಕವಾಗಿದ್ದವು ಆ ಕತ್ತಲಲ್ಲಿ ಮಾತಾಡುತ್ತವೆ. ನನಗೆ ಈ ಮಾತು ತುಂಬಾ ಹಿಡಿಸಿತು. ಗಂಡನಿಗೆ ಕನ್ನಡದಲ್ಲಿ ಹೇಳಿದೆ. ಅವನು ಬರೀ "ಹೂಂ" ಅಂದ.

ಹಾಗಂದದ್ದು ನನಗೆ ಕಸಿವಿಸಿಯಾಯಿತು. ಕೆಲವು ತಿಂಗಳಿಂದ ಹೀಗೇ ಇದ್ದ. ಜಗಳ ಏನಿಲ್ಲ. ಹಾಲು ಬೇಕು, ಬಾಡಿಗೆ ಕಟ್ಟಿದೆಯಾ, ನಾಳೆ ನಿನಗೆ ಎಷ್ಟು ಗಂಟೆಗೆ ಮೀಟಿಂಗು, ಇಷ್ಟೇ ಮಾತು. ಏನೋ ಇದೆ ಅಂತ ನನಗೆ ಗೊತ್ತಾಗುತ್ತಿತ್ತು. ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂದರೆ ಅದು ಏನಿರಬಹುದು ಅನ್ನೋದೂ ನನಗೆ ಸ್ವಲ್ಪ ಗೊತ್ತಿತ್ತು.

ಚರ್ಚಿನಿಂದ ಮೆಟ್ರೋ ಹಿಡಿದು ಊರ ನಡುವೆ ಬಂದೆವು. ಟಿ-ಸೆಂಟ್ರಾಲೆನ್ ನಿಲ್ದಾಣದಲ್ಲಿ ಬಂಡೆಯ ಚಾವಣಿಯ ಮೇಲೆ ದೊಡ್ಡ ನೀಲಿ ಬಳ್ಳಿಗಳನ್ನು ಬರೆದಿದ್ದಾರೆ. ಅದೇ ಗೋಡೆಯಲ್ಲಿ, ಆ ಸುರಂಗ ಕೊರೆದ ಕೆಲಸಗಾರರ ನೆರಳಿನಂಥ ಚಿತ್ರಗಳೂ ಇವೆ. ಅಲ್ಲಿಂದ ಸ್ವಲ್ಪ ನಡೆದರೆ ಹೋಟೋರ್ಯೆಟ್ ಚೌಕ, ತರಕಾರಿ ಹೂವಿನ ಸಂತೆ, ಅದರ ಎದುರಿಗೆ ನೀಲಿ ಗೋಡೆಯ ಸಂಗೀತ ಭವನ. ಪ್ರತಿ ವರ್ಷ ಡಿಸೆಂಬರ್ 10ಕ್ಕೆ, ಶಾಂತಿ ಪ್ರಶಸ್ತಿ ಒಂದು ಬಿಟ್ಟು, ನೊಬೆಲ್ ಕೊಡೋದು ಇಲ್ಲೇ. ನಾವು ಹೋಗುವ ಮೂರು ದಿನ ಮುಂಚೆ ಮುಗಿದಿತ್ತು. 1930ರಲ್ಲಿ ಸಿ. ವಿ. ರಾಮನ್ ಪ್ರಶಸ್ತಿ ತೆಗೆದುಕೊಂಡದ್ದೂ ಇದೇ ಭವನದಲ್ಲಿ. ನಮ್ಮ ಅತ್ತೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರು. ಪ್ರತಿ ಫೆಬ್ರವರಿ 28ಕ್ಕೆ, ವಿಜ್ಞಾನ ದಿನದಂದು, ಮಕ್ಕಳನ್ನು ಮೈದಾನದಲ್ಲಿ ಕೂರಿಸಿ ರಾಮನ್ ಕಥೆ ಹೇಳುತ್ತಿದ್ದರಂತೆ. ಗಂಡ ಆ ಕಟ್ಟಡದ ಫೋಟೋ ತೆಗೆದ. ಒಂದಲ್ಲ, ಐದಾರು. ಅಮ್ಮನಿಗೆ ಕಳಿಸ್ತಾನೆ ಅಂದುಕೊಂಡೆ. ಫೋನ್ ಹಿಡಿದು ಸ್ವಲ್ಪ ಹೊತ್ತು ನಿಂತ. ಆಮೇಲೆ ಜೇಬಿಗೆ ಹಾಕಿಕೊಂಡ.

ಮೂವತ್ತು ಜನ ಓಡಿದರು

ವಾಸಾ ಮ್ಯೂಸಿಯಂ ಬಗ್ಗೆ ತುಂಬಾ ಜನ ಬರೆದಿದ್ದಾರೆ. ಅದರೊಳಗೆ ಕಾಲಿಟ್ಟ ಕ್ಷಣವನ್ನಷ್ಟೇ ಹೇಳುತ್ತೇನೆ. ಹೊರಗಿನ ಮಂಕಿಗಿಂತ ಒಳಗೆ ಇನ್ನೂ ಮಂಕು, ಮರ ಹಾಳಾಗಬಾರದು ಅಂತ ಬೆಳಕು ಕಡಿಮೆ ಇಟ್ಟಿದ್ದಾರೆ. ಕಣ್ಣು ಹೊಂದಿಕೊಳ್ಳುತ್ತಾ ಹೋದ ಹಾಗೆ ಎದುರಿಗಿನ ಕಪ್ಪು ಗೋಡೆ ಗೋಡೆಯಲ್ಲ, ಹಡಗು ಅಂತ ತಿಳಿಯುತ್ತೆ. ಸುಮಾರು 69 ಮೀಟರ್ ಉದ್ದ. ಹಿಂಭಾಗದ ತುಂಬಾ ಸಿಂಹಗಳು, ರಾಜರು, ಯೋಧರು, ಎಲ್ಲಾ ಮರದ ಕೆತ್ತನೆ. ನಮ್ಮೂರ ತೇರಿನ ಕೆತ್ತನೆಯನ್ನು ಕತ್ತಲಲ್ಲಿ ನೋಡಿದ ಹಾಗೆ. 1628ರ ಆಗಸ್ಟ್ 10ರಂದು ಮೊದಲ ಸಲ ಹೊರಟ ಹಡಗು ಇದು. 1300 ಮೀಟರ್ ಹೋಗಿದ್ದಷ್ಟೇ. ಒಂದು ಗಾಳಿಗೆ ವಾಲಿತು, ತೆರೆದಿದ್ದ ತೋಪಿನ ಕಿಂಡಿಗಳಿಂದ ನೀರು ನುಗ್ಗಿತು, ಬಂದರಿನೊಳಗೇ ಮುಳುಗಿತು. ದಡದಲ್ಲಿ ಊರೇ ನಿಂತು ನೋಡುತ್ತಿತ್ತು. ಸುಮಾರು ಮೂವತ್ತು ಜನ ಸತ್ತರು. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆ, ಹಾಗಾಗಿ ಮರ ತಿನ್ನುವ ಹುಳ ಅಲ್ಲಿ ಬದುಕೋದಿಲ್ಲ. 333 ವರ್ಷ ಕೆಳಗೆ ಕೂತಿದ್ದು 1961ರಲ್ಲಿ ಹೆಚ್ಚು ಕಡಿಮೆ ಇಡಿಯಾಗಿ ಮೇಲೆ ಬಂತು.

ನಮ್ಮಿಬ್ಬರನ್ನೂ ನಿಲ್ಲಿಸಿದ್ದು ಇನ್ನೊಂದು ವಿವರ. ಹೊರಡುವ ಮುಂಚೆ ಹಡಗನ್ನು ಪರೀಕ್ಷೆ ಮಾಡಿದ್ದರಂತೆ. ಮೂವತ್ತು ಜನ ಆಳುಗಳನ್ನು ಮೇಲೆ ನಿಲ್ಲಿಸಿ ಈ ಅಂಚಿನಿಂದ ಆ ಅಂಚಿಗೆ ಒಟ್ಟಿಗೆ ಓಡಿಸಿದರು. ಮೂರನೇ ಸಲ ಓಡುವ ಹೊತ್ತಿಗೆ ಹಡಗು ಎಷ್ಟು ವಾಲಿತು ಅಂದರೆ, ನೋಡುತ್ತಿದ್ದ ಅಡ್ಮಿರಲ್ ಕ್ಲಾಸ್ ಫ್ಲೆಮಿಂಗ್ ಓಟ ನಿಲ್ಲಿಸಿಬಿಟ್ಟ. ಇನ್ನೊಂದು ಸಲ ಓಡಿಸಿದ್ದರೆ ಕಟ್ಟೆಯ ಪಕ್ಕದಲ್ಲೇ ಮಗುಚುತ್ತಿತ್ತೋ ಏನೋ. ಅಲ್ಲಿದ್ದ ಎಲ್ಲರೂ ಅದನ್ನು ನೋಡಿದರು. ರಾಜ ಎರಡನೇ ಗುಸ್ತಾವ್ ಅಡಾಲ್ಫ್ ಯುದ್ಧದಲ್ಲಿದ್ದ, ದೂರದಲ್ಲಿದ್ದ, ಹಡಗು ಬೇಗ ಬೇಕು ಅಂತ ಕಾಯುತ್ತಿದ್ದ. ಹಡಗು ಕಟ್ಟಿಸಿದ ಮೇಸ್ತ್ರಿ ಹಿಂದಿನ ವರ್ಷವೇ ತೀರಿಕೊಂಡಿದ್ದ. ಯಾರೂ ಹೊರಡುವುದನ್ನು ತಡೆಯಲಿಲ್ಲ. ಆಮೇಲೆ ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆ ಆಗಲಿಲ್ಲ.

ಗಂಡ ಆ ಫಲಕವನ್ನು ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದ. "ಎಲ್ಲರಿಗೂ ಗೊತ್ತಿತ್ತು ನೋಡು" ಅಂದ. ನಾನು ಪಟ್ಟಿ ನೋಡುತ್ತಿದ್ದೆ, ಇನ್ನೂ ಹತ್ತು ಜಾಗ ಬಾಕಿ ಇತ್ತು. "ಬಾ, ಕತ್ತಲಾಗುತ್ತೆ" ಅಂದೆ.

ಹೊರಗೆ ಬಂದಾಗ ಎರಡು ಗಂಟೆ ದಾಟಿತ್ತು. ಸ್ಲುಸೆನ್‌ಗೆ ಹೋಗುವ ದೋಣಿ ಹತ್ತಿದೆವು. ನೀರಿನ ನಡುವೆ ಇರುವಾಗಲೇ ಬೆಳಕು ಹೋಯಿತು. ಆಕಾಶ ಕೆಂಪೂ ಆಗಲಿಲ್ಲ, ಯಾರೋ ಬತ್ತಿ ಸಣ್ಣ ಮಾಡಿದ ಹಾಗೆ ಬೂದಿ ಬಣ್ಣ ನೀಲಿಯಾಯಿತು, ನೀಲಿ ಕಪ್ಪಾಯಿತು. ಗಡಿಯಾರ ಮೂರು ತೋರಿಸುತ್ತಿತ್ತು. ನನಗೆ ಅಳು ಬಂದ ಹಾಗಾಯಿತು. ನಾಲ್ಕು ವರ್ಷಕ್ಕೊಮ್ಮೆ ಬಂದಿದ್ದೇವೆ, ಅರ್ಧ ದಿನವೂ ಸಿಗಲಿಲ್ಲವಲ್ಲ ಅಂತ. ಅವನಿಗೆ ಹೇಳಿದ್ದೂ ಜೋರಾಗೇ: ಮ್ಯೂಸಿಯಂನಲ್ಲಿ ಅಷ್ಟು ಹೊತ್ತು ಯಾಕೆ ನಿಂತೆ, ನೀನು ಮನಸ್ಸೇ ಇಲ್ಲದೆ ಬಂದಿದ್ದೀಯ. ಅವನು ತಿರುಗಿ ಏನೂ ಹೇಳಲಿಲ್ಲ. ದೋಣಿ ಇಳಿದ ಮೇಲೆ "ಎಲ್ಲಾದರೂ ಕೂರೋಣ" ಅಂದ, ಅಷ್ಟೇ.

ಕಿಟಕಿ ಪಕ್ಕದ ಮೇಜು

ಸೋಡರ್ಮಾಲ್ಮ್‌ನ ಏರು ರಸ್ತೆಯಲ್ಲಿ ಒಂದು ಸಣ್ಣ ಕಾಫಿ ಅಂಗಡಿ. ಅಲ್ಲಿನವರು ಹೀಗೆ ಕಾಫಿಗೆ ಕೂರೋದಕ್ಕೆ ಫೀಕಾ ಅಂತಾರೆ. ಕಾಫಿ, ಏಲಕ್ಕಿ ಬನ್ನು, ಜೊತೆಗೆ ಕೂತು ಮಾತು. ಕಿಟಕಿ ಪಕ್ಕ ಜಾಗ ಸಿಕ್ಕಿತು. ಎದುರು ಬದುರು ಕೂರುವ ಮೇಜಲ್ಲ, ಇಬ್ಬರೂ ರಸ್ತೆಯ ಕಡೆ ಮುಖ ಮಾಡಿ ಪಕ್ಕ ಪಕ್ಕ ಕೂರಬೇಕು. ಏಳು ಬತ್ತಿಯ ದೀಪ ನಮ್ಮ ಮುಂದೆಯೇ ಇತ್ತು, ಬೆನ್ನು ನಮ್ಮ ಕಡೆ. ಒಳಗೆ ಬೇರೆ ದೀಪ ಇಲ್ಲವೇ ಇಲ್ಲ ಅನ್ನುವಷ್ಟು ಮಂದ. ಹೊರಗೆ ನೋಡೋದಕ್ಕೆ ಏನೂ ಇರಲಿಲ್ಲ, ಒದ್ದೆ ಕಲ್ಲು, ಆಗೊಮ್ಮೆ ಈಗೊಮ್ಮೆ ಒಂದು ಛತ್ರಿ.

ತುಂಬಾ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವನು, ನನ್ನ ಕಡೆ ತಿರುಗದೆ, "ಅಮ್ಮ ಪದಬಂಧ ಬಿಡಿಸೋದು ಬಿಟ್ಟಿದ್ದಾಳೆ" ಅಂದ.

ಅತ್ತೆ ಪೇಪರಿನ ಪದಬಂಧ ಮುಗಿಸದೆ ಕಾಫಿ ಲೋಟ ಕೆಳಗಿಟ್ಟವರಲ್ಲ. ಆಗಸ್ಟ್‌ನಲ್ಲಿ ಊರಿಗೆ ಹೋದಾಗ ಹಳೇ ಪೇಪರ್ ಕಟ್ಟುತ್ತಿದ್ದ ಇವನಿಗೆ ತಿಂಗಳುಗಟ್ಟಲೆ ಖಾಲಿ ಚೌಕಗಳು ಸಿಕ್ಕವಂತೆ. ಕೆಲವು ಕಡೆ ಎರಡು ಅಕ್ಷರ ಬರೆದು ಹೊಡೆದು ಹಾಕಿದ್ದರಂತೆ. ವಿಡಿಯೋ ಕಾಲ್‌ನಲ್ಲಿ ಹತ್ತು ನಿಮಿಷದಲ್ಲಿ ಮೂರು ಸಲ ಅದೇ ಪ್ರಶ್ನೆ ಕೇಳುತ್ತಾರೆ, ಅದನ್ನು ನಾನು ಗಮನಿಸಿಲ್ಲ ಅಂದುಕೊಂಡಿದ್ದ. ಹೇಳಿದರೆ ನಾನು ಗಾಬರಿಯಾಗುತ್ತೇನೆ, ಆಮೇಲೆ ಏನಾದರೂ ತೀರ್ಮಾನ ಮಾಡಲೇಬೇಕಾಗುತ್ತೆ, ವಾಪಸ್ ಹೋಗೋದಾ, ಅವರನ್ನು ಇಲ್ಲಿಗೆ ಕರೆತರೋದಾ, ತಂಗಿಯ ಮೇಲೆ ಬಿಡೋದಾ. ಹೇಳದೇ ಇದ್ದರೆ ಇನ್ನೂ ಸ್ವಲ್ಪ ದಿನ ಏನೂ ಆಗಿಲ್ಲ ಅಂತ ಇರಬಹುದಲ್ಲ. ಇದನ್ನೆಲ್ಲ ಅವನು ಆ ದೀಪದ ಬೆನ್ನನ್ನು ನೋಡುತ್ತಾ, ನಡು ನಡುವೆ ನಿಲ್ಲಿಸಿ, ಹೇಳಿದ.

ನಾನು ಅದೇ ಆಗಸ್ಟ್‌ನಲ್ಲಿ ಅತ್ತೆಯ ಅಡಿಗೆಮನೆಯಲ್ಲಿ ಸಾಸಿವೆ ಡಬ್ಬಿ ಹುಡುಕುತ್ತಾ ಕಪಾಟು ತೆಗೆದಿದ್ದೆ. ಬಾಗಿಲಿನ ಒಳಬದಿಯಲ್ಲಿ ಒಂದು ಚೀಟಿ ಅಂಟಿಸಿದ್ದರು. ಬೋರ್ಡಿನ ಮೇಲೆ ಬರೆದು ಪಳಗಿದ ದುಂಡು ಅಕ್ಷರ: ಗ್ಯಾಸ್ ಆರಿಸು. ಕೆಳಗೆ ಇನ್ನೊಂದು: ಹಾಲಿನವನಿಗೆ ಕೊಟ್ಟಾಯಿತು. ನಾನು ಓದಿದೆ, ಬಾಗಿಲು ಮೆತ್ತಗೆ ಮುಚ್ಚಿದೆ, ಸಾಸಿವೆ ಬೇರೆ ಕಡೆ ಹುಡುಕಿದೆ. ನಾಲ್ಕು ತಿಂಗಳು ಅದನ್ನು ಯಾರಿಗೂ ಹೇಳಲಿಲ್ಲ. ಮಗನಿಗೆ ನೋವಾಗುತ್ತೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅವನು ಮುಗಿಸಿದ ಮೇಲೆ ಇದನ್ನು ಹೇಳಿದೆ. ಅವನು ಆಗ ನನ್ನ ಕಡೆ ತಿರುಗಿದ.

ಮೂವತ್ತು ಜನ ಓಡಿದ್ದು, ಹಡಗು ವಾಲಿದ್ದು, ಎಲ್ಲರೂ ನೋಡಿದ್ದು. ಫಲಕದ ಮುಂದೆ ಅವನು ಯಾಕೆ ಅಷ್ಟು ಹೊತ್ತು ನಿಂತಿದ್ದ ಅಂತ ನನಗೆ ಅರ್ಥವಾದದ್ದು ಆಗ. ಆ ಹಡಗುಕಟ್ಟೆಯವರನ್ನು ಹೇಡಿಗಳು ಅಂತ ಅಂದುಬಿಡೋದು ಸುಲಭ. ನನಗೆ ಈಗ ಹಾಗೆ ಅನ್ನಿಸೋದಿಲ್ಲ. ನೋಡಿದ್ದನ್ನು ಹೇಳೋದಕ್ಕೆ ಒಂದು ಜಾಗ ಬೇಕು, ಒಂದು ಹೊತ್ತು ಬೇಕು. ನಮ್ಮ ಮನೆಯಲ್ಲಿ ಅಂಥ ಹೊತ್ತೇ ಇರಲಿಲ್ಲ. ಯಾವಾಗಲೂ ಪೂರ್ತಿ ದೀಪ, ಎರಡು ಫೋನು, ಒಂದು ಟಿವಿ.

ತಿಪಟೂರಿನಲ್ಲಿ ನಾನು ಚಿಕ್ಕವಳಿದ್ದಾಗ, ತೊಂಬತ್ತರ ದಶಕದಲ್ಲಿ, ಸಂಜೆ ಏಳಕ್ಕೆ ಕರೆಂಟ್ ಹೋಗುತ್ತಿತ್ತು. ಎಲ್ಲರೂ ಜಗಲಿಗೆ ಬಂದು ಕೂರುತ್ತಿದ್ದೆವು. ಒಂದು ದಿನ ಅಪ್ಪ ಆ ಕತ್ತಲಲ್ಲಿ, ಕೊಬ್ಬರಿ ಅಂಗಡಿಯ ಗೆಳೆಯನ ಸಾಲಕ್ಕೆ ತಾನು ಜಾಮೀನು ಹಾಕಿದ್ದೇನೆ, ಅವನು ಊರು ಬಿಟ್ಟಿದ್ದಾನೆ ಅಂತ ಅಮ್ಮನಿಗೆ ಹೇಳಿದರು. ನಾನು ಅವಳ ಮಡಿಲಲ್ಲಿ ನಿದ್ದೆ ಬಂದವಳ ಹಾಗೆ ಮಲಗಿದ್ದೆ. ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಅವಳ ಕೈ ನನ್ನ ತಲೆ ಸವರುತ್ತಿದ್ದದ್ದು ನಿಂತಿತು. ಆಮೇಲೆ "ಎಷ್ಟು?" ಅಂದಳು. ಕೈ ಮತ್ತೆ ಸವರತೊಡಗಿತು. ಕರೆಂಟ್ ಬಂದಾಗ ಬೀದಿಯ ಮಕ್ಕಳೆಲ್ಲ ಹೋ ಅಂತ ಕೂಗಿದರು, ಅವರಿಬ್ಬರೂ ಏನೂ ಆಗದ ಹಾಗೆ ಎದ್ದು ಒಳಗೆ ಹೋದರು. ಅಪ್ಪನಿಗೆ ಅದನ್ನು ಟ್ಯೂಬ್‌ಲೈಟಿನ ಕೆಳಗೆ, ಅಮ್ಮನ ಮುಖ ನೋಡಿಕೊಂಡು ಹೇಳಲು ಆಗುತ್ತಿರಲಿಲ್ಲ ಅಂತ ನನಗೆ ಈಗ ಖಾತ್ರಿಯಾಗಿ ಅನ್ನಿಸುತ್ತೆ.

ಆ ಕಿಟಕಿಯ ಪಕ್ಕ ನಾವು ಮೂರೂವರೆ ಗಂಟೆ ಕೂತಿದ್ದೆವು. ಎರಡು ಸಲ ಕಾಫಿ ತರಿಸಿದೆವು. ಅಂಗಡಿಯ ಹುಡುಗಿ ಒಂದು ಸಲವೂ ಎದ್ದೇಳಿ ಅನ್ನುವ ಮುಖ ಮಾಡಲಿಲ್ಲ. ತೀರ್ಮಾನ ಅಂತ ದೊಡ್ಡದೇನೂ ಆಗಲಿಲ್ಲ. ಜನವರಿಯಲ್ಲಿ ಅವನು ಒಂದು ತಿಂಗಳು ಮೈಸೂರಿಗೆ ಹೋಗಿ ಡಾಕ್ಟರಿಗೆ ತೋರಿಸುವುದು, ತಂಗಿಯ ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡುವುದು, ಆಮೇಲೆ ನಾನು ಹೋಗುವುದು. ಇಷ್ಟೇ. ಎದ್ದಾಗ ಆರೂವರೆ. ಪಟ್ಟಿಯಲ್ಲಿ ಉಳಿದ ಜಾಗಗಳ ಬಾಗಿಲು ಹಾಕಿತ್ತು. ಹೊರಗೆ ಬಂದು ತಿರುಗಿ ನೋಡಿದೆ. ನಾವು ಕೂತಿದ್ದ ಕಿಟಕಿ ರಸ್ತೆಯಿಂದ ತುಂಬಾ ಚೆನ್ನಾಗಿ ಕಾಣುತ್ತಿತ್ತು.

ಭಾನುವಾರ

ವಿಮಾನ ಮಧ್ಯಾಹ್ನ ಇತ್ತು. ಬೆಳಗ್ಗೆ ಗಾಮ್ಲಾ ಸ್ತಾನ್‌ನಲ್ಲಿ, ಅಂದರೆ ಹಳೇ ಪೇಟೆಯಲ್ಲಿ, ಸುಮ್ನೆ ನಡೆದೆವು. ಅರಮನೆಯ ಹತ್ತಿರ ಫಿನ್ನಿಶ್ ಚರ್ಚಿನ ಹಿಂದೆ ಒಂದು ಪುಟ್ಟ ಅಂಗಳ ಇದೆ. ಅಲ್ಲಿ ಕೂತಿದ್ದಾನೆ ಕಬ್ಬಿಣದ ಹುಡುಗ. ಲಿಸ್ ಎರಿಕ್ಸನ್ ಅನ್ನೋ ಶಿಲ್ಪಿ ಮಾಡಿದ್ದು, ಎತ್ತರ ಹದಿನೈದು ಸೆಂಟಿಮೀಟರ್ ಅಷ್ಟೇ. ಮೊಣಕಾಲು ಅಪ್ಪಿಕೊಂಡು ಮೇಲೆ ನೋಡುತ್ತಾ ಕೂತಿದ್ದಾನೆ, ಚಂದ್ರನನ್ನು ನೋಡುತ್ತಿದ್ದಾನೆ ಅಂತಾರೆ. ಚಳಿಗಾಲದಲ್ಲಿ ಊರಿನವರು ಯಾರೋ ಅವನಿಗೆ ಉಲ್ಲನ್ ಟೋಪಿ ಹೆಣೆದು ಹಾಕುತ್ತಾರೆ. ನಾವು ಹೋದಾಗ ಕೆಂಪು ಟೋಪಿ ಇತ್ತು, ಹೆಬ್ಬೆರಳಿಗೆ ತೊಡಿಸುವಷ್ಟು ಚಿಕ್ಕದು. ಕುತ್ತಿಗೆಗೆ ಮಫ್ಲರ್ ಕೂಡ. ಜನ ಸವರಿ ಸವರಿ ತಲೆ ನುಣುಪಾಗಿದೆ. ನನ್ನ ಪಟ್ಟಿಯಲ್ಲಿ ಇವನು ಇರಲಿಲ್ಲ.

ಅಲ್ಲೇ ನಿಂತು ಗಂಡ ಹಿಂದಿನ ದಿನದ ನೀಲಿ ಕಟ್ಟಡದ ಫೋಟೋ ಅಮ್ಮನಿಗೆ ಕಳಿಸಿ ಫೋನ್ ಮಾಡಿದ. ಅಲ್ಲಿ ಮಧ್ಯಾಹ್ನ ಮೂರೂವರೆ. ಅತ್ತೆ ಫೋಟೋ ನೋಡಿದರು. ಇದು ರಾಮನ್‌ಗೆ ನೊಬೆಲ್ ಕೊಟ್ಟ ಜಾಗ ಅಮ್ಮ ಅಂದ. ಅಷ್ಟೇ ಸಾಕಾಯಿತು. 1921ರಲ್ಲಿ ರಾಮನ್ ಹಡಗಿನಲ್ಲಿ ಇಂಗ್ಲೆಂಡಿನಿಂದ ವಾಪಸ್ ಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿ ಬೆರಗಾದದ್ದು, ಆಕಾಶದ ನೆರಳಿಂದ ನೀರು ನೀಲಿ ಅಂತ ದೊಡ್ಡವರು ಹೇಳಿದ್ದನ್ನು ಒಪ್ಪದೆ ಹಡಗಿನಲ್ಲೇ ಪರೀಕ್ಷೆ ಮಾಡಿದ್ದು, ಏಳು ವರ್ಷ ಬೆನ್ನು ಹತ್ತಿದ್ದು, 28ರ ಫೆಬ್ರವರಿ, ಎಲ್ಲವನ್ನೂ ಮೈದಾನದಲ್ಲಿ ಮಕ್ಕಳಿಗೆ ಹೇಳುವ ಧ್ವನಿಯಲ್ಲಿ ಒಂದು ಇಸವಿಯೂ ತಪ್ಪದೆ ಹೇಳಿದರು. ನಾವಿಬ್ಬರೂ ಮಳೆಯಲ್ಲಿ ಒಂದೇ ಛತ್ರಿಯ ಕೆಳಗೆ ಫೋನಿಗೆ ಕಿವಿಗೊಟ್ಟು ಕೇಳಿದೆವು.

ಆಮೇಲೆ "ಅಲ್ಲಿ ಈಗ ಎಷ್ಟು ಗಂಟೆನೋ?" ಅಂದರು. ಹನ್ನೊಂದು ಅಮ್ಮ ಅಂದ. "ಬೆಳಕಿದೆಯಾ?" ಇದೆ ಅಮ್ಮ. ಊಟ, ಚಳಿ, ಸ್ವೆಟರ್ ಎಲ್ಲಾ ವಿಚಾರಿಸಿದರು. ಮತ್ತೆ "ಅಲ್ಲಿ ಈಗ ಎಷ್ಟು ಗಂಟೆನೋ?" ಅಂದರು. ಅವನು ನನ್ನ ಕಡೆ ನೋಡಿದ. ಫೋನ್ ನನಗೆ ಹತ್ತಿರ ಹಿಡಿದ. ಹನ್ನೊಂದು ಅತ್ತೆ, ಇನ್ನೂ ಬೆಳಕಿದೆ ಅಂದೆ.